ನೋಡಲು ಕಲಿತ ಕಣ್ಣು: ಸದ್ಗುಣದ ನೀತಿ ಏನು ಹೇಳುತ್ತದೆ?

ನೀವು ಕಾಯಿಲೆ ಬಿದ್ದು ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದೀರಿ ಎಂದುಕೊಳ್ಳಿ. ಹೊತ್ತು ಹೋಗದೆ ಬೇಸರ ಹಿಡಿದಿರುವಾಗ ಸ್ನೇಹಿತನೊಬ್ಬ ಊರಿನ ಆ ತುದಿಯಿಂದ ಬಂದು ಮಂಚದ ಪಕ್ಕ ಕೂರುತ್ತಾನೆ. ನಿಮ್ಮ ಮನಸ್ಸು ತುಂಬಿ ಬರುತ್ತದೆ. ‘ನಿನ್ನಂಥ ಸ್ನೇಹಿತ ಸಿಗಬೇಕಾದರೆ ಪುಣ್ಯ ಮಾಡಿರಬೇಕು’ ಎನ್ನುತ್ತೀರಿ. ಅವನು, ‘ಹಾಗೆಲ್ಲ ಹೇಳಬೇಡ, ಕಾಯಿಲೆಯವರನ್ನು ನೋಡಿ ಬರುವುದು ಕರ್ತವ್ಯ, ಅದನ್ನು ಮಾಡಿದೆ ಅಷ್ಟೇ’ ಎನ್ನುತ್ತಾನೆ. ವಿನಯಕ್ಕೆ ಆಡಿದ ಮಾತೆಂದು ನೀವು ನಗುತ್ತೀರಿ. ಮಾತು ಬೆಳೆದಂತೆ ಗೊತ್ತಾಗುತ್ತದೆ, ಅದು ವಿನಯವಲ್ಲ, ನಿಜ. ನಿಮ್ಮನ್ನು ನೋಡಬೇಕೆಂಬ ಆಸೆಯಿಂದ ಅವನು ಬಂದಿಲ್ಲ. ಬರುವುದು ಸರಿ ಎಂದು ಲೆಕ್ಕ ಹಾಕಿ ಬಂದಿದ್ದಾನೆ.

ತತ್ವಶಾಸ್ತ್ರಜ್ಞ ಮೈಕೆಲ್ ಸ್ಟಾಕರ್ 1976ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಬರುವ ಪ್ರಸಂಗವಿದು. ಮಾತುಗಳನ್ನಷ್ಟೇ ನಾನು ನಮ್ಮ ಕಡೆಯವಾಗಿ ಮಾಡಿಕೊಂಡಿದ್ದೇನೆ. ಆ ಸ್ನೇಹಿತ ಮಾಡಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ. ಬಂದ, ಕೂತ, ಮಾತನಾಡಿಸಿದ. ಕರ್ತವ್ಯವೇ ನೀತಿಯ ತಿರುಳು ಎನ್ನುವವರು ಅವನಿಗೆ ಪೂರ್ಣ ಅಂಕ ಕೊಡಬೇಕಾಗುತ್ತದೆ. ಹೆಚ್ಚು ಜನರಿಗೆ ಹೆಚ್ಚು ಸುಖ ತರುವ ಕೆಲಸವೇ ಒಳ್ಳೆಯ ಕೆಲಸ ಎನ್ನುವವರೂ ಅಷ್ಟೇ ಅಂಕ ಕೊಡುತ್ತಾರೆ. ಆದರೆ ಮಂಚದ ಮೇಲೆ ಮಲಗಿರುವ ನಿಮಗೆ ಏನೋ ಕೈತಪ್ಪಿ ಹೋದಂತಾಗಿದೆ. ಆ ‘ಏನೋ’ ಏನು ಎಂದು ಕೇಳುವ ಚಿಂತನೆಯ ಹೆಸರು ಸದ್ಗುಣದ ನೀತಿಶಾಸ್ತ್ರ.

ನೀತಿಯ ಬಗ್ಗೆ ಪಶ್ಚಿಮದ ತತ್ವಶಾಸ್ತ್ರದಲ್ಲಿ ಎರಡು ದೊಡ್ಡ ಪ್ರಶ್ನೆಗಳು ಬಹುಕಾಲ ಮೆರೆದಿವೆ. ಹದಿನೆಂಟನೆಯ ಶತಮಾನದ ಜರ್ಮನಿಯ ಇಮ್ಯಾನುಯೆಲ್ ಕಾಂಟ್, ‘ನಾನು ನಡೆಯುವ ನಿಯಮ ಎಲ್ಲರಿಗೂ ಸಲ್ಲುವ ನಿಯಮವಾಗಬಲ್ಲದೇ?’ ಎಂದು ಕೇಳಿದ. ಇಂಗ್ಲೆಂಡಿನ ಜೆರೆಮಿ ಬೆಂಥಮ್ ಮತ್ತು ಅವನ ಹಿಂದೆ ಬಂದವರು, ‘ಇದರ ಫಲ ಏನು?’ ಎಂದರು. ಎರಡೂ ಒಂದೊಂದು ಕೆಲಸವನ್ನು ತೂಗುವ ತಕ್ಕಡಿಗಳು. ಸದ್ಗುಣದ ನೀತಿ ಕೆಲಸವನ್ನು ಬಿಟ್ಟು ಮನುಷ್ಯನತ್ತ ತಿರುಗುತ್ತದೆ: ಎಂಥವನಾಗಿ ಬಾಳಬೇಕು, ಅದಕ್ಕೆ ಯಾವ ಗುಣ ಬೇಕು, ಆ ಗುಣ ಬರುವುದು ಹೇಗೆ? ಇದು ಹೊಸ ಪ್ರಶ್ನೆಯಲ್ಲ. ಕಾಂಟ್‌ಗಿಂತ ಎರಡು ಸಾವಿರ ವರ್ಷ ಹಿಂದಿನ ಅಥೆನ್ಸ್‌ನಲ್ಲಿ ನೀತಿಯ ಚರ್ಚೆ ಶುರುವಾಗುತ್ತಿದ್ದುದೇ ಇಲ್ಲಿಂದ.

ಆ ಚರ್ಚೆಯನ್ನು ಎಲ್ಲರಿಗಿಂತ ಪೂರ್ಣವಾಗಿ ನಡೆಸಿದವನು ಅರಿಸ್ಟಾಟಲ್. ಕ್ರಿ.ಪೂ. 384ರಲ್ಲಿ ಉತ್ತರ ಗ್ರೀಸಿನ ಸ್ಟಾಗಿರ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದ ಅವನು ವೈದ್ಯನ ಮಗ. ತಂದೆ ನಿಕೊಮೇಕಸ್ ಮ್ಯಾಸಿಡೋನಿಯದ ಅರಮನೆಯಲ್ಲಿ ರಾಜವೈದ್ಯ. ಹದಿನೇಳರ ಹುಡುಗನಾಗಿ ಅಥೆನ್ಸ್‌ಗೆ ಬಂದು ಪ್ಲೇಟೊನ ಅಕಾಡೆಮಿಯಲ್ಲಿ ಇಪ್ಪತ್ತು ವರ್ಷ ಕಳೆದ, ಮುಂದೆ ಲೈಸಿಯಂ ಎಂಬ ತನ್ನದೇ ವಿದ್ಯಾಕೇಂದ್ರ ಕಟ್ಟಿದ. ಆದರೂ ಆ ನಗರದಲ್ಲಿ ಕೊನೆಯವರೆಗೂ ಪರಸ್ಥಳದವನೇ. ಮತ ಹಾಕುವ ಹಕ್ಕು ಅವನಿಗಿರಲಿಲ್ಲ. ನೀತಿಯ ಕುರಿತ ಅವನ ಮುಖ್ಯ ಗ್ರಂಥ ‘ನಿಕೊಮೇಕಿಯನ್ ಎಥಿಕ್ಸ್’, ಹತ್ತು ಭಾಗಗಳದ್ದು. ಓದಲು ಒರಟು, ಪಾಠದ ಟಿಪ್ಪಣಿಯಂತಿದೆ. ಆದರೆ ವೈದ್ಯನ ಮಗನ ಬುದ್ಧಿ ಅದರಲ್ಲಿ ಆಗಾಗ ಹೊರಬೀಳುತ್ತದೆ. ಗುಣ ಎಂದರೇನೆಂದು ತಿಳಿದುಕೊಳ್ಳಲು ನಾವಿಲ್ಲಿ ಕೂತಿಲ್ಲ, ಒಳ್ಳೆಯವರಾಗಲು ಕೂತಿದ್ದೇವೆ ಎಂದು ಅವನು ಆರಂಭದಲ್ಲೇ ಹೇಳುತ್ತಾನೆ. ನೀತಿಯ ಬಗ್ಗೆ ಚರ್ಚೆ ಮಾಡಿಯೇ ಒಳ್ಳೆಯವರಾಗುತ್ತೇವೆ ಎಂದುಕೊಂಡವರು, ವೈದ್ಯನ ಮಾತನ್ನು ಗಮನವಿಟ್ಟು ಕೇಳಿ ಹೇಳಿದ್ದೊಂದನ್ನೂ ಮಾಡದ ರೋಗಿಗಳಂತೆ ಎಂದು ಗದರುತ್ತಾನೆ.

ಅವನ ಮೊದಲ ಪ್ರಶ್ನೆ: ಮನುಷ್ಯನಿಗೆ ಕಟ್ಟಕಡೆಗೆ ಬೇಕಾದದ್ದೇನು? ಹಣ ಬೇಕು, ಆದರೆ ಹಣ ಬೇಕಾಗಿರುವುದು ಮತ್ತೇನಕ್ಕೋ. ಕೀರ್ತಿ ಕೊಡುವವರ ಕೈಯಲ್ಲಿದೆ. ಬೇರೆ ಯಾವುದಕ್ಕಾಗಿಯೂ ಅಲ್ಲದೆ ಅದಕ್ಕಾಗಿಯೇ ನಾವು ಬಯಸುವ ಒಂದನ್ನು ಗ್ರೀಕರು ಯೂಡೈಮೋನಿಯ ಎನ್ನುತ್ತಿದ್ದರು. ಸುಖ ಎಂದರೆ ಸ್ವಲ್ಪ ಹತ್ತಿರ, ಸಾರ್ಥಕ ಬಾಳು ಎಂದರೆ ಇನ್ನೂ ಹತ್ತಿರ. ಅದೊಂದು ಮನಃಸ್ಥಿತಿಯಲ್ಲ. ಮನುಷ್ಯನಾಗಿ ಮಾಡಬಲ್ಲ ಕೆಲಸಗಳನ್ನು ಚೆನ್ನಾಗಿ ಮಾಡುತ್ತ, ಒಂದು ಇಡೀ ಆಯುಷ್ಯವನ್ನು ನಡೆಸುವುದು. ಒಂದು ಕವಲುತೋಕೆ ಹಕ್ಕಿ ಕಂಡಮಾತ್ರಕ್ಕೆ ವಸಂತ ಬಂದಂತಲ್ಲ ಎಂಬ ಅವನ ಪ್ರಸಿದ್ಧ ಮಾತು ಇಲ್ಲಿಯದೇ. ಒಂದು ದಿನದ ಸಂತೋಷದಿಂದ ಬಾಳನ್ನು ಅಳೆಯಬೇಡಿ ಎಂಬುದು ಅದರ ತಾತ್ಪರ್ಯ. ಧೈರ್ಯ, ನ್ಯಾಯ, ಸಂಯಮ, ಉದಾರತೆ ಮುಂತಾದ ಗುಣಗಳು ಆ ಬಾಳಿಗೆ ಏರುವ ಮೆಟ್ಟಿಲುಗಳಲ್ಲ. ಅವುಗಳಂತೆ ನಡೆದುಕೊಳ್ಳುವುದೇ ಆ ಬಾಳಿನ ದೊಡ್ಡ ಭಾಗ.

ಹಾಗಾದರೆ ಗುಣ ಎಂಬುದು ಎಂಥ ವಸ್ತು? ಇಲ್ಲಿ ನಿಧಾನವಾಗಿ ನಡೆಯಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಅಂಗಡಿಯವನು ಚಿಲ್ಲರೆ ಕೊಡುವಾಗ ಮೈಮರೆತು ನೂರರ ನೋಟಿನ ಬದಲು ಐನೂರರ ನೋಟು ಕೊಟ್ಟ ಎನ್ನಿ. ನಾಲ್ವರನ್ನು ಅಲ್ಲಿ ನಿಲ್ಲಿಸೋಣ. ಒಬ್ಬಳು ‘ಇದು ಐನೂರು, ನೋಡಿ’ ಎಂದು ಆಗಲೇ ಹಿಂದಿರುಗಿಸುತ್ತಾಳೆ. ಇಟ್ಟುಕೊಳ್ಳಬಹುದು ಎಂಬುದು ಅವಳ ತಲೆಗೇ ಬರುವುದಿಲ್ಲ. ಇನ್ನೊಬ್ಬನ ಕೈ ಜೇಬಿನತ್ತ ಹೋಗುತ್ತದೆ, ಮನಸ್ಸಿನಲ್ಲಿ ಕುಸ್ತಿ ನಡೆಯುತ್ತದೆ, ಕೊನೆಗೆ ಹಲ್ಲು ಕಚ್ಚಿ ಹಿಂದಿರುಗಿಸುತ್ತಾನೆ. ಮೂರನೆಯವನಿಗೆ ಕೊಡಬೇಕೆಂದು ಗೊತ್ತು, ಆದರೂ ಕಾಲು ಹೊರಗೆ ನಡೆದುಬಿಡುತ್ತದೆ. ರಾತ್ರಿ ಮಲಗುವಾಗ ಚುಚ್ಚುತ್ತದೆ. ನಾಲ್ಕನೆಯವನಿಗೆ ಯಾವ ಚುಚ್ಚೂ ಇಲ್ಲ: ‘ಅವನ ದಡ್ಡತನ, ನನ್ನ ಅದೃಷ್ಟ.’

ನಮ್ಮಲ್ಲಿ ಅನೇಕರು ಎರಡನೆಯವನನ್ನು ಮೆಚ್ಚುತ್ತೇವೆ. ಆಸೆಯನ್ನು ಗೆದ್ದನಲ್ಲ! ಅರಿಸ್ಟಾಟಲ್ ಅವನಿಗೆ ಎರಡನೆಯ ಸ್ಥಾನವನ್ನೇ ಕೊಡುತ್ತಾನೆ. ಅವನದು ಸಂಯಮಕ್ಕಿಂತ ಕೆಳಗಿನ ಮನೋನಿಗ್ರಹ. ಮೊದಲನೆಯವಳಲ್ಲಿ ಮಾತ್ರ ಗುಣ ನೆಲೆಯಾಗಿದೆ, ಏಕೆಂದರೆ ಅವಳ ಆಸೆ ಮತ್ತು ತಿಳಿವಳಿಕೆ ಒಂದೇ ದಿಕ್ಕಿಗೆ ನೋಡುತ್ತಿವೆ. (ಈ ನಾಲ್ಕು ಬಗೆಯನ್ನು ಅವನು ಹೆಚ್ಚಾಗಿ ಊಟ, ಕುಡಿತ, ಭೋಗಗಳ ವಿಷಯದಲ್ಲಿ ಹೇಳಿದ್ದು. ನೋಟಿನ ಉದಾಹರಣೆ ನನ್ನದು.) ಒಳ್ಳೆಯ ಕೆಲಸ ಮಾಡಿ ಖುಷಿಪಡದವನು ಒಳ್ಳೆಯವನಲ್ಲ, ಉದಾರವಾಗಿ ಕೊಟ್ಟು ಸಂತೋಷಪಡದವನನ್ನು ಯಾರೂ ಉದಾರಿ ಎನ್ನುವುದಿಲ್ಲ ಎಂದು ಅವನು ಕಡ್ಡಿ ಮುರಿದಂತೆ ಹೇಳುತ್ತಾನೆ. ಆಸ್ಪತ್ರೆಗೆ ಬಂದ ಸ್ನೇಹಿತನಲ್ಲಿ ಕೊರತೆ ಇದ್ದುದು ಇದೇ. ಕಾಂಟ್‌ನ ಕಡೆಯವರು ಇದಕ್ಕೆ ಉತ್ತರ ಕೊಡುತ್ತಾರೆ: ಮನಸ್ಸು ಒಣಗಿದ ದಿನವೂ ಬಂದು ಕೂತವನ ಬೆಲೆ ಕಡಿಮೆಯೇ? ಕಡಿಮೆಯಲ್ಲ. ಅಂಥ ದಿನಗಳಿಗೆ ಕರ್ತವ್ಯಪ್ರಜ್ಞೆ ಇರಲೇಬೇಕು. ಆದರೆ ಪ್ರತಿದಿನವೂ ಅದರ ಮೇಲೆಯೇ ನಡೆಯುವ ಸ್ನೇಹವನ್ನು ಯಾರೂ ಬಯಸುವುದಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ನಮ್ಮ ಗಾದೆಗೆ ಅರಿಸ್ಟಾಟಲ್ ಒಪ್ಪುವುದಿಲ್ಲ. ಕಲ್ಲನ್ನು ಹತ್ತು ಸಾವಿರ ಸಲ ಮೇಲಕ್ಕೆ ಎಸೆದರೂ ಅದು ಮೇಲಕ್ಕೆ ಹೋಗುವುದನ್ನು ಕಲಿಯುವುದಿಲ್ಲ. ಹುಟ್ಟಿನಿಂದ ಬಂದದ್ದು ಅಭ್ಯಾಸಕ್ಕೆ ಬಗ್ಗುವುದಿಲ್ಲ ಎಂಬುದನ್ನು ಅವನೂ ಒಪ್ಪುತ್ತಾನೆ. ಆದರೆ ಗುಣ ಆ ಜಾತಿಯದಲ್ಲ. ಅದನ್ನು ಪಡೆಯುವ ಶಕ್ತಿ ಹುಟ್ಟಿನಿಂದ ಬರುತ್ತದೆ, ಗುಣ ಮಾತ್ರ ರೂಢಿಯಿಂದ ಬರುತ್ತದೆ. ಮನೆ ಕಟ್ಟುತ್ತ ಕಟ್ಟುತ್ತ ಮನೆ ಕಟ್ಟುವವರಾಗುತ್ತಾರೆ, ನ್ಯಾಯವಾಗಿ ನಡೆಯುತ್ತ ನಡೆಯುತ್ತ ನ್ಯಾಯವಂತರಾಗುತ್ತಾರೆ. ಈ ಮಾತಿನ ಉಳಿದರ್ಧವನ್ನು ಉಲ್ಲೇಖಿಸುವವರು ಕಡಿಮೆ: ತಪ್ಪುತಪ್ಪಾಗಿ ನುಡಿಸುತ್ತ ಹೋದವನು ಕೆಟ್ಟ ವಾದಕನಾಗುವುದೂ ಅದೇ ಅಭ್ಯಾಸದಿಂದಲೇ. ರೂಢಿ ಎರಡು ಕಡೆಗೂ ಕೆಲಸ ಮಾಡುತ್ತದೆ. ಆದ್ದರಿಂದಲೇ ಬಾಲ್ಯದ ತರಬೇತಿ ಸ್ವಲ್ಪವಲ್ಲ, ಸರ್ವಸ್ವ ಎಂಬಷ್ಟು ಬಲವಾಗಿ ಅವನು ಹೇಳುತ್ತಾನೆ. ಮಗು ಏನನ್ನು ಕಂಡು ಖುಷಿಪಡಬೇಕು, ಯಾವುದಕ್ಕೆ ನಾಚಬೇಕು ಎಂಬುದನ್ನು ಉಪದೇಶಕ್ಕಿಂತ ಮೊದಲೇ ಮನೆಯೂ ಊರೂ ಕಲಿಸಿಬಿಟ್ಟಿರುತ್ತವೆ.

ಇನ್ನು ‘ಮಧ್ಯಮ’ದ ಮಾತು. ಧೈರ್ಯ ಎಂಬುದು ಹೇಡಿತನಕ್ಕೂ ದುಡುಕಿಗೂ ನಡುವೆ, ಉದಾರತೆ ಎಂಬುದು ಜಿಪುಣತನಕ್ಕೂ ದುಂದಿಗೂ ನಡುವೆ. ಶಾಲೆಯಲ್ಲಿ ಇಷ್ಟನ್ನು ಓದಿದವರು ‘ಅತಿಯಾದರೆ ಅಮೃತವೂ ವಿಷ’ ಎಂದು ಅದಕ್ಕೊಂದು ಗಾದೆ ಅಂಟಿಸಿ ಮುಗಿಸುತ್ತಾರೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಇರಲಿ ಎನ್ನುವ ಹದವಾದ ಗೃಹಸ್ಥನ ನೀತಿ ಇದು ಎಂದುಕೊಳ್ಳುತ್ತಾರೆ. ಅರಿಸ್ಟಾಟಲ್ ಹೇಳಿದ್ದು ಅದಲ್ಲ. ಹತ್ತು ಪಾಲು ಊಟ ಹೆಚ್ಚು, ಎರಡು ಪಾಲು ಕಡಿಮೆ ಎಂದ ಮಾತ್ರಕ್ಕೆ ವ್ಯಾಯಾಮದ ಗುರು ಎಲ್ಲರಿಗೂ ಆರು ಪಾಲು ಬಡಿಸುವುದಿಲ್ಲ. ಕುಸ್ತಿಪಟು ಮೈಲೊಗೆ ಆರು ಸಾಲದು, ನಿನ್ನೆ ಗರಡಿಗೆ ಸೇರಿದವನಿಗೆ ಆರು ಹೆಚ್ಚು. ಮಧ್ಯಮ ಎಂದರೆ ಈ ವ್ಯಕ್ತಿಗೆ, ಈ ಹೊತ್ತಿಗೆ, ಈ ಸಂದರ್ಭಕ್ಕೆ ಒಪ್ಪುವ ಅಳತೆ. ಕೆಲವು ಹೊತ್ತಿಗೆ ಒಪ್ಪುವುದು ಉರಿಯುವ ಕೋಪವೇ ಆಗಿರಬಹುದು. ಮತ್ತೆ ಕೆಲವಕ್ಕೆ ಮಧ್ಯಮವೇ ಇಲ್ಲ. ಕೊಲೆ, ಕಳವು, ವ್ಯಭಿಚಾರಗಳನ್ನು ಹದವಾಗಿ ಮಾಡುವುದು ಎಂಬುದಿಲ್ಲ ಎಂದು ಅವನೇ ಸ್ಪಷ್ಟವಾಗಿ ಹೇಳಿದ್ದಾನೆ.

ಕೋಪದ ಬಗ್ಗೆ ಅವನು ಬರೆದ ಪುಟಗಳು ನನಗೆ ಇಡೀ ಗ್ರಂಥದಲ್ಲೇ ಅಚ್ಚುಮೆಚ್ಚು. ಸಿಟ್ಟು ಯಾರಿಗೂ ಬರುತ್ತದೆ, ಅದು ಸುಲಭ. ತಕ್ಕವರ ಮೇಲೆ, ತಕ್ಕಷ್ಟು, ತಕ್ಕ ಹೊತ್ತಿನಲ್ಲಿ, ತಕ್ಕ ಕಾರಣಕ್ಕೆ, ತಕ್ಕ ರೀತಿಯಲ್ಲಿ ಸಿಟ್ಟಾಗುವುದು ಎಲ್ಲರಿಗೂ ಬರುವುದಿಲ್ಲ. ಸಿಟ್ಟಿನವರಲ್ಲೇ ಅವನು ಬಗೆಗಳನ್ನು ಕಾಣುತ್ತಾನೆ. ಕೆಲವರು ಬೇಗ ಉರಿಯುತ್ತಾರೆ, ಬೇಗ ಆರುತ್ತಾರೆ. ಆರುವುದೇ ಅವರಲ್ಲಿನ ಒಳ್ಳೆಯ ಸಂಗತಿ. ಇನ್ನು ಕೆಲವರು ಕಹಿಯನ್ನು ಒಳಗೇ ಇಟ್ಟುಕೊಳ್ಳುವವರು. ಸಿಟ್ಟು ಹೊರಗೆ ಕಾಣದ ಕಾರಣ ಅವರನ್ನು ಸಮಾಧಾನ ಮಾಡಲು ಯಾರೂ ಹೋಗುವುದಿಲ್ಲ. ಒಬ್ಬರೇ ಕೂತು ಅದನ್ನು ಜೀರ್ಣಿಸಿಕೊಳ್ಳಬೇಕು, ಅದಕ್ಕೆ ಬಹುಕಾಲ ಹಿಡಿಯುತ್ತದೆ. ತಮಗೂ ಆಪ್ತರಿಗೂ ಅವರಷ್ಟು ಕಷ್ಟ ಕೊಡುವವರು ಬೇರೆ ಇಲ್ಲ ಎನ್ನುತ್ತಾನೆ. ಮಾತುಬಿಟ್ಟು ವರ್ಷಗಟ್ಟಲೆ ಕಳೆದ ಅಣ್ಣತಮ್ಮಂದಿರನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಗೆಂದು ಸಿಟ್ಟೇ ಬಾರದವನನ್ನು ಅವನು ಸಾಧು ಎಂದು ಹೊಗಳುವುದೂ ಇಲ್ಲ. ತನ್ನವರಿಗೆ ಅವಮಾನವಾಗುತ್ತಿದ್ದರೂ ಸುಮ್ಮನಿರುವವನಿಗೆ ಏನೂ ತಾಗುವುದಿಲ್ಲ ಎಂದಾಯಿತು. ನಮ್ಮ ‘ಕ್ಷಮಯಾ ಧರಿತ್ರೀ’ ಆದರ್ಶದಲ್ಲಿ ಬೆಳೆದವರಿಗೆ ಈ ಮಾತು ಒಗ್ಗಲು ಸ್ವಲ್ಪ ಹೊತ್ತು ಬೇಕು. ಆ ಆದರ್ಶದ ಭಾರವನ್ನು ಯಾರ ಹೆಗಲಿಗೆ ಹಾಕಿದ್ದೇವೆ ಎಂದು ನೋಡಿದರೆ ಬೇಗ ಒಗ್ಗುತ್ತದೆ.

ಅವನ ಪಟ್ಟಿಯಲ್ಲಿ ದೊಡ್ಡ ಗುಣಗಳ ಜೊತೆ ಚಿಕ್ಕವೂ ಇವೆ. ಹಾಸ್ಯಪ್ರಜ್ಞೆ ಒಂದು ಸದ್ಗುಣ: ಯಾರು ನೊಂದರೂ ಸರಿ ನಗಿಸಿಯೇ ತೀರುವ ವಿದೂಷಕನಿಗೂ, ತಾನೂ ನಗದೆ ನಗುವವರನ್ನೂ ಸಹಿಸದ ಮುಖಗಂಟಿನವನಿಗೂ ನಡುವೆ ಅದರ ಜಾಗ. ತನ್ನ ಬಗ್ಗೆ ಇದ್ದದ್ದನ್ನು ಇದ್ದಂತೆ ಹೇಳುವುದು ಇನ್ನೊಂದು. ಬಡಾಯಿ ಒಂದು ತುದಿ, ಕಪಟ ವಿನಯ ಇನ್ನೊಂದು ತುದಿ.

ಗುಣವನ್ನು ಹೊರಗಿನ ನಡತೆಯಿಂದ ಮಾತ್ರ ಅಳೆಯಲಾಗದು ಎಂಬುದಕ್ಕೆ ಧೈರ್ಯದ ಕುರಿತ ಅವನ ವಿಶ್ಲೇಷಣೆ ಒಳ್ಳೆಯ ಸಾಕ್ಷಿ. ಧೈರ್ಯದಂತೆ ಕಾಣುವ, ಆದರೆ ಧೈರ್ಯವಲ್ಲದ ಐದನ್ನು ಅವನು ಬೇರ್ಪಡಿಸುತ್ತಾನೆ. ಜನ ಏನೆಂದಾರೋ ಎಂಬ ನಾಚಿಕೆಯಿಂದ ನಿಲ್ಲುವವರು, ಕೋಪದ ಭರದಲ್ಲಿ ನುಗ್ಗುವವರು, ಹಿಂದೆ ಗೆದ್ದಿದ್ದೇವೆ ಎಂಬ ಹುಮ್ಮಸ್ಸಿನವರು, ಅಪಾಯವೇ ಗೊತ್ತಿಲ್ಲದವರು ಅವರಲ್ಲಿ ಕೆಲವರು. ಐದನೆಯ ಬಗೆ ಕೂಲಿ ಸೈನಿಕರದು. ಯುದ್ಧದಲ್ಲಿ ಎಷ್ಟೋ ಗದ್ದಲ ಪೊಳ್ಳು ಎಂಬುದು ಅನುಭವದಿಂದ ಅವರಿಗೆ ಗೊತ್ತಿರುತ್ತದೆ, ಆಯುಧ ಕೈಗೆ ಪಳಗಿರುತ್ತದೆ. ಆದ್ದರಿಂದ ಮೊದಲ ಹೊತ್ತಿನಲ್ಲಿ ಅವರಷ್ಟು ಧೀರರಿಲ್ಲ. ಅಪಾಯ ನಿಜವಾಗಿ ಮಿತಿಮೀರಿದಾಗ ಮೊದಲು ಓಡುವವರೂ ಅವರೇ. ಊರಿನ ಸಾಮಾನ್ಯ ನಾಗರಿಕರು ನಿಂತಲ್ಲೇ ಸಾಯುತ್ತಾರೆ, ಹರ್ಮಿಸ್ ದೇವಾಲಯದ ಬಳಿ ಆದಂತೆ ಎಂದು ಅವನು ಕೇಳುಗರಿಗೆ ಪರಿಚಯವಿದ್ದ ಕಾಳಗವೊಂದನ್ನು ನೆನಪಿಸುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಒಂದೇ ರೀತಿ ಕಂಡ ಇಬ್ಬರು, ಒಂದು ಗಳಿಗೆಯಲ್ಲಿ ಬೇರೆ ಬೇರೆಯಾಗಿಬಿಡುತ್ತಾರೆ. ಒಬ್ಬನು ಗೆಲ್ಲುವ ಲೆಕ್ಕದಲ್ಲಿ ನಿಂತಿದ್ದ, ಇನ್ನೊಬ್ಬನು ನಿಲ್ಲುವುದು ಯೋಗ್ಯ ಎಂದು ಕಂಡು ನಿಂತಿದ್ದ.

‘ಕಂಡು’ ಎಂಬುದನ್ನು ಬೇಕೆಂದೇ ಬಳಸಿದ್ದೇನೆ. ತಕ್ಕ ಹೊತ್ತು, ತಕ್ಕ ಅಳತೆ ಎಂದು ಹೇಳುವುದೇನೋ ಸರಿ, ಅದು ಗೊತ್ತಾಗುವುದು ಹೇಗೆ? ಇದಕ್ಕೆ ಅರಿಸ್ಟಾಟಲ್ ನಿಯಮದ ಪಟ್ಟಿ ಕೊಡುವುದಿಲ್ಲ. ಫ್ರೊನೆಸಿಸ್ ಎಂಬ ವ್ಯವಹಾರ ವಿವೇಕದ ಕಡೆ ಕೈ ತೋರಿಸುತ್ತಾನೆ. ಅದಕ್ಕೆ ಅವನು ಕೊಡುವ ಮಾದರಿ ಯಾವ ಪಂಡಿತನದೂ ಅಲ್ಲ, ಅಥೆನ್ಸ್‌ನ ಮುತ್ಸದ್ದಿ ಪೆರಿಕ್ಲಿಸ್‌ನದು. ಹುಡುಗರು ಗಣಿತದಲ್ಲಿ ನಿಪುಣರಾಗಬಲ್ಲರು, ವಿವೇಕಿಗಳಾಗಲಾರರು ಎಂಬ ಅವನ ಮಾತೂ ಇದಕ್ಕೆ ಸೇರಿದ್ದು. ವಿವೇಕ ಕೈಯಾಡಿಸುವುದು ಬಿಡಿ ಬಿಡಿ ಸನ್ನಿವೇಶಗಳಲ್ಲಿ. ಅವು ಪರಿಚಯವಾಗುವುದು ಅನುಭವದಿಂದ. ಅನುಭವಕ್ಕೆ ವರ್ಷಗಳು ಬೇಕು. ಕೊನೆಗೆ ತೀರ್ಪು ನಿಂತಿರುವುದು ಗ್ರಹಿಕೆಯಲ್ಲಿ ಎನ್ನುತ್ತಾನೆ. ಸದ್ಗುಣದ ನೀತಿಯ ಜೀವಾಳ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಸೂಕ್ಷ್ಮ ಮನಸ್ಸಿನವಳು ಕೋಣೆಗೆ ಕಾಲಿಟ್ಟೊಡನೆ, ಮೂಲೆಯಲ್ಲಿ ಕೂತ ಹುಡುಗಿಗೆ ಇಲ್ಲಿನ ತಮಾಷೆ ನೋವು ತರುತ್ತಿದೆ ಎಂಬುದನ್ನು ಕಂಡುಬಿಡುತ್ತಾಳೆ. ಉಳಿದವರು ನಿರ್ದಯರಲ್ಲ. ಅವರಿಗೆ ಅದು ಕಾಣಲೇ ಇಲ್ಲ. ‘ಯಾರನ್ನೂ ನೋಯಿಸಬಾರದು’ ಎಂಬ ನಿಯಮ ಎಲ್ಲರಿಗೂ ಬಾಯಿಪಾಠ ಇದ್ದರೂ, ಅದನ್ನು ಬಳಸಬೇಕಾದ ಗಳಿಗೆ ಇದೇ ಎಂದು ನಿಯಮ ತಾನೇ ಬಂದು ಹೇಳುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಎಳೆಯನ್ನು ಮತ್ತೆ ಎತ್ತಿಕೊಂಡವರಲ್ಲಿ ಮುಖ್ಯರು ಆಕ್ಸ್‌ಫರ್ಡ್‌ನ ಮಹಿಳೆಯರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹುಡುಗರು ಸೇನೆಗೆ ಹೋಗಿ ತರಗತಿಗಳು ಬರಿದಾಗಿದ್ದಾಗ, ಎಲಿಜಬೆತ್ ಆನ್ಸ್‌ಕೂಂಬ್, ಫಿಲಿಪಾ ಫುಟ್, ಐರಿಸ್ ಮರ್ಡಾಕ್, ಮೇರಿ ಮಿಜ್ಲಿ ಅಲ್ಲಿ ಓದುತ್ತಿದ್ದರು. 1956ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಅಮೆರಿಕದ ಮಾಜಿ ಅಧ್ಯಕ್ಷ ಟ್ರೂಮನ್ ಅವರಿಗೆ ಗೌರವ ಪದವಿ ಕೊಡಲು ಹೊರಟಾಗ, ಹಿರೋಷಿಮಾ, ನಾಗಸಾಕಿಗಳ ಮೇಲೆ ಬಾಂಬ್ ಹಾಕಿಸಿದವರಿಗೆ ಗೌರವವೇ ಎಂದು ಎದ್ದು ನಿಂತು ವಿರೋಧಿಸಿದವರು ಆನ್ಸ್‌ಕೂಂಬ್. ಎರಡು ವರ್ಷಗಳ ನಂತರ ಅವರು ಬರೆದ ಪ್ರಬಂಧ ತಮ್ಮ ಕಾಲದ ನೀತಿಶಾಸ್ತ್ರವನ್ನೇ ತರಾಟೆಗೆ ತೆಗೆದುಕೊಂಡಿತು. ಆಜ್ಞೆ ಕೊಡುವ ದೇವರನ್ನು ಕೈಬಿಟ್ಟು, ಆಜ್ಞೆಯ ಧಾಟಿಯನ್ನು ಮಾತ್ರ ಇಟ್ಟುಕೊಂಡಿದ್ದೀರಿ ಎಂಬುದು ಅವರ ಆರೋಪ. ನ್ಯಾಯ, ಸತ್ಯಸಂಧತೆಯಂಥ ಗುಣಗಳನ್ನು, ಅವು ನಿಂತಿರುವ ಮನುಷ್ಯನ ಮನಸ್ಸನ್ನು ಮೊದಲು ಅರ್ಥಮಾಡಿಕೊಳ್ಳಿ ಎಂದರು. ಇಂದು ಸದ್ಗುಣದ ನೀತಿಯನ್ನು ಮೂರನೆಯ ದೊಡ್ಡ ಪಂಥವಾಗಿ ಪಾಠ ಮಾಡುತ್ತಾರಲ್ಲ, ಅದರ ಹಿಂದೆ ಆ ಪ್ರಬಂಧದ ಪೆಟ್ಟು ಇದೆ.

ಮರ್ಡಾಕ್ ಕಾದಂಬರಿಗಾರ್ತಿಯಾಗಿ ಹೆಚ್ಚು ಹೆಸರಾದವರು. ಅವರು ಕೊಟ್ಟ ಉದಾಹರಣೆ ಅತ್ತೆ ಸೊಸೆಯರದು. ಬ್ರಿಟನ್ನಿನಿಂದ ಬಂದದ್ದಾದರೂ ನಮ್ಮ ಮನೆಗಳಲ್ಲಿ ಪರಕೀಯ ಎನಿಸುವುದಿಲ್ಲ. ಅತ್ತೆಗೆ ಸೊಸೆ ಹಿಡಿಸಿಲ್ಲ. ಮನಸ್ಸು ಒಳ್ಳೆಯದೇ, ಆದರೆ ನಯ ನಾಜೂಕಿಲ್ಲ, ಸಲುಗೆ ಜಾಸ್ತಿ, ಗಲಾಟೆ, ಇನ್ನೂ ಮಕ್ಕಳಾಟ. ಮಗ ತನಗಿಂತ ಕಡಿಮೆಯವಳನ್ನು ತಂದ ಎಂದೇ ಅವಳ ಎಣಿಕೆ. ಆದರೆ ಅತ್ತೆ ಸುಸಂಸ್ಕೃತೆ, ಮನಸ್ಸಿನಲ್ಲಿದ್ದದ್ದನ್ನು ಮುಖದಲ್ಲಿ ತೋರಿಸುವುದಿಲ್ಲ, ನಡತೆಯಲ್ಲಿ ಎಳ್ಳಷ್ಟೂ ಲೋಪವಿಲ್ಲ. ಸೊಸೆ ಈಗ ದೂರದ ದೇಶದಲ್ಲಿದ್ದಾಳೆ ಎನ್ನಿ. ಒಂದು ದಿನ ಅತ್ತೆ ತನಗೆ ತಾನೇ ಹೇಳಿಕೊಳ್ಳುತ್ತಾಳೆ: ನಾನು ಹಳೇ ಕಾಲದವಳು, ನನ್ನಲ್ಲಿ ಅಂತಸ್ತಿನ ಹಮ್ಮಿದೆ, ಮಗನ ವಿಷಯದಲ್ಲಿ ಹೊಟ್ಟೆಕಿಚ್ಚೂ ಇದೆ, ಇನ್ನೊಮ್ಮೆ ನೋಡೋಣ. ನೋಡುತ್ತ ಹೋದಂತೆ ನಯವಿಲ್ಲದಿರುವಿಕೆ ಸರಳತೆಯಾಗಿ ಕಾಣುತ್ತದೆ, ಗಲಾಟೆ ಲವಲವಿಕೆಯಾಗಿ, ಮಕ್ಕಳಾಟ ಹರೆಯದ ಚೆಲುವಾಗಿ. ಹೊರಗೆ ಏನೂ ನಡೆದಿಲ್ಲ. ಸೊಸೆಗೆ ಗೊತ್ತೂ ಇಲ್ಲ. ಕೆಲಸಗಳನ್ನು ಮಾತ್ರ ತೂಗುವ ತಕ್ಕಡಿಯಲ್ಲಿ ಈ ಅತ್ತೆಯ ಬದಲಾವಣೆಗೆ ತೂಕವೇ ಇಲ್ಲ, ಏಕೆಂದರೆ ಅವಳು ಮೊದಲೂ ಸರಿಯಾಗಿಯೇ ನಡೆದುಕೊಂಡಿದ್ದಳು. ಆದರೂ ಅವಳು ಏನನ್ನೋ ಮಾಡಿದ್ದಾಳೆ, ಅದು ನೈತಿಕವಾದ ಕೆಲಸವೇ ಎನ್ನುತ್ತಾರೆ ಮರ್ಡಾಕ್. ನ್ಯಾಯವಾದ, ಪ್ರೀತಿಯ ಗಮನ ಎಂಬುದು ಅವರು ಅದಕ್ಕೆ ಕೊಡುವ ಹೆಸರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಕಾಯುತ್ತ ಕೂರುವುದಕ್ಕಿಂತ ಇದು ಕಷ್ಟದ ದಾರಿ.

ಇಷ್ಟೆಲ್ಲ ಚೆಂದದ ಮಾತಿಗೆ ಮನಃಶಾಸ್ತ್ರಜ್ಞರು ಹಾಕಿದ ಸವಾಲನ್ನು ಮರೆಮಾಚುವಂತಿಲ್ಲ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ನಡೆದದ್ದು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ, ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ. ಪಕ್ಕದ ಕಟ್ಟಡಕ್ಕೆ ಹೋಗಿ ಚಿಕ್ಕ ಉಪನ್ಯಾಸ ಕೊಡಬೇಕು ಎಂದು ಅವರಿಗೆ ಹೇಳಲಾಯಿತು. ಕೆಲವರಿಗೆ ಕೊಟ್ಟ ವಿಷಯ ಬೈಬಲ್ಲಿನ ಒಳ್ಳೆಯ ಸಮಾರಿಯದವನ ಕಥೆ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಪರಜನಾಂಗದವನೊಬ್ಬ ಎತ್ತಿ ಉಪಚರಿಸಿದ ಕಥೆ. ಕೆಲವರಿಗೆ ‘ಇನ್ನೂ ಸಮಯವಿದೆ’ ಎಂದರು, ಕೆಲವರಿಗೆ ‘ಆಗಲೇ ತಡವಾಗಿದೆ, ಓಡಿ’ ಎಂದರು. ಓಣಿಯ ಬಾಗಿಲೊಂದರಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತ ನರಳುತ್ತಿದ್ದ. ಅವನು ಪ್ರಯೋಗದವರೇ ಕೂರಿಸಿದವನು. ಆತುರವಿಲ್ಲದವರಲ್ಲಿ ನೂರಕ್ಕೆ 63 ಮಂದಿ ಏನಾದರೂ ನೆರವಿಗೆ ಮುಂದಾದರು. ಆತುರದಲ್ಲಿದ್ದವರಲ್ಲಿ ನೂರಕ್ಕೆ 10. ಉಪನ್ಯಾಸದ ವಿಷಯ ಸಮಾರಿಯದವನ ಕಥೆಯೇ ಆಗಿದ್ದುದರಿಂದ ಗಣನೀಯ ವ್ಯತ್ಯಾಸವೇನೂ ಆಗಲಿಲ್ಲ.

ಇಂಥ ಫಲಿತಾಂಶಗಳನ್ನು ಹಿಡಿದು ಕೆಲವು ತತ್ವಶಾಸ್ತ್ರಜ್ಞರು, ಗುಣ ಎಂಬುದೊಂದು ನೆಲೆಯಾಗಿದೆ ಎಂಬುದೇ ಭ್ರಮೆ, ಸನ್ನಿವೇಶವೇ ಎಲ್ಲವನ್ನೂ ಮಾಡಿಸುತ್ತದೆ ಎಂದು ವಾದಿಸಿದ್ದಾರೆ. ಆ ವಾದ ನನಗೆ ಅರ್ಧ ಮಾತ್ರ ಒಪ್ಪಿಗೆ. ಅರಿಸ್ಟಾಟಲ್ ಎಲ್ಲರಲ್ಲೂ ಗುಣ ಇದೆ ಎಂದು ಎಲ್ಲಿಯೂ ಹೇಳಿಲ್ಲ. ಅದು ಅಪರೂಪ, ಕಷ್ಟಸಾಧ್ಯ ಎಂದೇ ಹೇಳಿದ. ನಲವತ್ತು ಯುವಕರಲ್ಲಿ ಹೆಚ್ಚಿನವರು ಎಡವಿದರೆ ಅವನಿಗೆ ಆಶ್ಚರ್ಯವಾಗುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾದುದು, ಆತುರದವರಿಗೆ ಏನಾಯಿತು ಎಂಬುದರ ಬಗ್ಗೆ ಪ್ರಯೋಗ ಮಾಡಿದವರೇ ಬರೆದಿರುವುದು. ಕೆಲವರು ಕಂಡೂ ತಳಮಳಿಸುತ್ತ ಮುಂದೆ ನಡೆದರು. ಮತ್ತೆ ಕೆಲವರಿಗೆ ಅವಸರದಲ್ಲಿ ಅದು ನೆರವು ಬೇಕಾದ ಸನ್ನಿವೇಶ ಎಂಬುದೇ ತೋಚಿರಲಿಕ್ಕಿಲ್ಲ. ಹೃದಯ ಕಲ್ಲಾಯಿತು ಎನ್ನುವುದಕ್ಕಿಂತ ನೋಟ ಕಿರಿದಾಯಿತು ಎನ್ನುವುದು ಹೆಚ್ಚು ಸರಿ. ಒಪ್ಪಬೇಕಾದ ಇನ್ನರ್ಧವೆಂದರೆ, ಗುಣ ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. ಒಳ್ಳೆಯವನಾಗಿರಬೇಕೆಂದು ಮನಸ್ಸು ಮಾಡಿದವನು ತನ್ನ ದಿನಚರಿಯನ್ನೂ ಹಾಗೆಯೇ ಕಟ್ಟಿಕೊಳ್ಳಬೇಕಾಗುತ್ತದೆ. ಗಡುವಿನಿಂದ ಗಡುವಿಗೆ ಓಡಿಸುವ ಕಚೇರಿಗಳು ತಮ್ಮ ನೌಕರರ ಗುಣವನ್ನೂ ತಿದ್ದುತ್ತಿರುತ್ತವೆ, ಒಳ್ಳೆಯ ಕಡೆಗೇನೂ ಅಲ್ಲ.

ಅದೃಷ್ಟದ ಪಾತ್ರವನ್ನು ಅರಿಸ್ಟಾಟಲ್ ಬಚ್ಚಿಡಲಿಲ್ಲ. ಮುದಿ ವಯಸ್ಸಿನಲ್ಲಿ ಮಕ್ಕಳನ್ನೂ ನಗರವನ್ನೂ ಕಳೆದುಕೊಂಡ ಟ್ರಾಯ್‌ನ ದೊರೆ ಪ್ರಿಯಮ್ ಎಷ್ಟೇ ಗುಣವಂತನಾದರೂ ಅವನನ್ನು ಸುಖಿ ಎನ್ನಲಾಗದು ಎಂದು ಬರೆದ. ಮುಂದೆ ಬಂದ ಸ್ಟೋಯಿಕರು ಎಂಬ ಪಂಥದ ಚಿಂತಕರು ಇದನ್ನು ಒಪ್ಪದೆ, ಗುಣವೊಂದೇ ಸಾಕು, ಮಿಕ್ಕದ್ದೆಲ್ಲ ಹೊರಗಿನದು ಎಂದರು. ಅವರ ಮಾತಿನಲ್ಲಿ ಘನತೆಯಿದೆ. ಮಕ್ಕಳನ್ನು ಕಳೆದುಕೊಂಡವರ ಎದುರು ನಿಂತು ಅದನ್ನು ಹೇಳುವ ಎದೆ ಮಾತ್ರ ನನಗಿಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಾವು ಕೈಚೆಲ್ಲುವ ಕಡೆ ಅರಿಸ್ಟಾಟಲ್ ಸಾಧನ ಹಿಡಿದು ಬರುತ್ತಾನೆ. ಡೊಂಕಾದ ಮರವನ್ನು ನೇರ ಮಾಡುವವರು ಅದನ್ನು ಎದುರು ದಿಕ್ಕಿಗೆ ಬಗ್ಗಿಸುತ್ತಾರಲ್ಲ, ಹಾಗೆ ಪ್ರತಿಯೊಬ್ಬನೂ ತಾನು ಯಾವ ಕಡೆಗೆ ವಾಲುತ್ತೇನೆ ಎಂದು ತಿಳಿದು ಅದರ ವಿರುದ್ಧ ದಿಕ್ಕಿಗೆ ತನ್ನನ್ನು ಎಳೆದುಕೊಳ್ಳಬೇಕು. ಕೈ ಬಿಗಿ ಇರುವವನು ಸ್ವಲ್ಪ ದುಂದು ಎನಿಸುವಷ್ಟು ಕೊಟ್ಟು ನೋಡಲಿ. ಎಲ್ಲರಿಗೂ ಹೂಂ ಎನ್ನುವವಳು ಒರಟು ಎನಿಸುವಷ್ಟು ಸಲ ಇಲ್ಲ ಎನ್ನಲಿ. ಯಾವ ಕಡೆ ವಾಲುತ್ತೇವೆ ಎಂಬುದಕ್ಕೆ ಗುರುತು, ನಮಗೆ ಖುಷಿ ಕೊಡುವುದು ಯಾವುದು, ನೋವು ಕೊಡುವುದು ಯಾವುದು ಎಂಬುದು. ಇದರ ತೊಡಕು ಎಲ್ಲರಿಗೂ ಗೊತ್ತು: ಅಕ್ಕಪಕ್ಕದವರ ಡೊಂಕು ಕಂಡಷ್ಟು ಚೆನ್ನಾಗಿ ನಮ್ಮದು ನಮಗೆ ಕಾಣುವುದಿಲ್ಲ. ಅದಕ್ಕೇ ಇರಬೇಕು, ಗ್ರಂಥದ ಹತ್ತು ಭಾಗಗಳಲ್ಲಿ ಎರಡನ್ನು ಅವನು ಸ್ನೇಹಕ್ಕೇ ಮೀಸಲಿಟ್ಟಿದ್ದಾನೆ. ಉಪಯೋಗಕ್ಕಾಗಿ ಆಗುವ ಸ್ನೇಹ, ಖುಷಿಗಾಗಿ ಆಗುವ ಸ್ನೇಹ, ಒಬ್ಬರ ಗುಣವನ್ನು ಇನ್ನೊಬ್ಬರು ಮೆಚ್ಚಿ ಬೆಳೆಯುವ ಸ್ನೇಹ ಎಂದು ಮೂರು ಬಗೆ. ಮೂರನೆಯದಕ್ಕೆ ಕಾಲ ಬೇಕು. ಗಾದೆಯಲ್ಲಿ ಹೇಳುವಷ್ಟು ಉಪ್ಪನ್ನು ಒಟ್ಟಿಗೆ ತಿನ್ನುವವರೆಗೆ ಒಬ್ಬರನ್ನೊಬ್ಬರು ಅರಿಯಲಾಗದು ಎನ್ನುತ್ತಾನೆ. ಅಂಥ ಸ್ನೇಹಿತರು ಒಬ್ಬರನ್ನೊಬ್ಬರು ತಿದ್ದುತ್ತಾರೆ.

ಆದರೆ ಸ್ನೇಹಿತರೆಲ್ಲ ಒಂದೇ ಕುರುಡಿನವರಾದರೆ? ಈ ನೀತಿಯ ಮೇಲೆ ನನಗಿರುವ ದೊಡ್ಡ ಆಕ್ಷೇಪ ಇದು, ಅದಕ್ಕೆ ಸಾಕ್ಷಿ ಅರಿಸ್ಟಾಟಲನೇ. ಕೆಲವರು ಹುಟ್ಟಿನಿಂದಲೇ ಗುಲಾಮರಾಗಲು ತಕ್ಕವರು ಎಂದು ಅವನು ರಾಜ್ಯಶಾಸ್ತ್ರದ ಗ್ರಂಥದಲ್ಲಿ ವಾದಿಸಿದ. ಹೆಂಗಸರ ವಿವೇಚನೆಗೆ ಅಧಿಕಾರವಿಲ್ಲ ಎಂದ. ಕಾಲವೇ ಹಾಗಿತ್ತು ಎಂದು ಅವನನ್ನು ಬಿಟ್ಟುಬಿಡಲೂ ಆಗದು, ಏಕೆಂದರೆ ಗುಲಾಮಗಿರಿ ಪ್ರಕೃತಿಗೆ ವಿರುದ್ಧ, ಬರೀ ಬಲಾತ್ಕಾರ ಎನ್ನುವವರಿದ್ದಾರೆ ಎಂದು ಅವನೇ ಅದೇ ಗ್ರಂಥದಲ್ಲಿ ದಾಖಲಿಸಿದ್ದಾನೆ. ಆ ಮಾತು ಕಿವಿಗೆ ಬಿದ್ದಿತ್ತು. ಗುಲಾಮನೊಂದಿಗೆ ಗುಲಾಮನಾಗಿ ಸ್ನೇಹ ಸಾಧ್ಯವಿಲ್ಲ, ಮನುಷ್ಯನಾಗಿ ಸಾಧ್ಯ ಎಂದು ಸ್ನೇಹದ ಭಾಗದಲ್ಲಿ ಬರೆದಾಗ ಅವನ ವಾದದಲ್ಲಿ ಬಿರುಕು ಕಾಣುತ್ತದೆ. ಎಲ್ಲ ಗುಲಾಮರ ಮುಂದೆಯೂ ಬಿಡುಗಡೆಯನ್ನು ಬಹುಮಾನವಾಗಿ ಇಡುವುದು ಒಳ್ಳೆಯದು, ಕಾರಣವನ್ನು ಮುಂದೆ ಹೇಳುತ್ತೇನೆ ಎಂದು ಇನ್ನೊಂದೆಡೆ ಬರೆಯುತ್ತಾನೆ. ಉಳಿದಿರುವ ಗ್ರಂಥದಲ್ಲಿ ಆ ಕಾರಣ ಎಲ್ಲಿಯೂ ಬರುವುದಿಲ್ಲ. ಅವನ ಉಯಿಲನ್ನು ಡಯೋಜಿನಿಸ್ ಲೇರ್ಷಿಯಸ್ ಎಂಬ ಪ್ರಾಚೀನ ಚರಿತ್ರಕಾರ ಉಳಿಸಿಕೊಟ್ಟಿದ್ದಾನೆ. ಅದರಲ್ಲಿ ಕೆಲವು ಗುಲಾಮರನ್ನು ಹೆಸರಿಸಿ ಬಿಡುಗಡೆ ಮಾಡುವಂತೆ ಹೇಳಿದೆ. ತನ್ನ ಸೇವೆ ಮಾಡಿದ ಹುಡುಗರಲ್ಲಿ ಯಾರನ್ನೂ ಮಾರಕೂಡದು, ವಯಸ್ಸಿಗೆ ಬಂದಾಗ ಅರ್ಹರಾಗಿದ್ದರೆ ಬಿಟ್ಟುಬಿಡಬೇಕು ಎಂದಿದೆ. ಮನೆಯಲ್ಲಿ ದಿನವೂ ಎದುರು ಬಂದವರಲ್ಲಿ ಅವನಿಗೆ ಏನೋ ಕಂಡಿರಬೇಕು. ಅದನ್ನು ವಾದಕ್ಕೆ ತರಲು ಅವನು ಒಪ್ಪಲಿಲ್ಲ, ಅಥವಾ ಒಪ್ಪಿಸುವಂಥ ಸ್ನೇಹಿತ ಅವನ ಪಂಕ್ತಿಯಲ್ಲಿ ಉಣ್ಣುತ್ತಿರಲಿಲ್ಲ.